ಎರಡು ಮುಚ್ಚಳ

ಅರ್ಧ ತಲೆಯನ್ನು ಬಟ್ಟೆ ಟವೆಲಿನಲ್ಲೂ ಇನ್ನರ್ಧವನ್ನು ಕಾಗದದ ಟವೆಲಿನಲ್ಲೂ ಒರೆಸುವ ಉಪಾಯ ಯಾರದು ಎಂದು ಆ ಸಲೂನಿನಲ್ಲಿ ಕೇಳಿ ನೋಡಿ, ಎಲ್ಲರೂ ಮಾವನ ಕಡೆ ಬೆರಳು ತೋರಿಸುತ್ತಾರೆ. ಸುಳ್ಳು. ಉಪಾಯ ಅಳಿಯನದು. ಅಮ್ಮನನ್ನು ಉಳಿಸುತ್ತೇನೆ ಎಂದು ಎದೆ ಸೆಟೆಸಿಕೊಂಡು ಹೊರಟು, ಅವಳ ಕಾಲಿಗೆ ತಾನೇ ಹಗ್ಗ ಕಟ್ಟಿ, ತುದಿಯನ್ನು ಮಾವನ ಕೈಗೆ ಕೊಟ್ಟವನು ಅವನು. ಈ ಮಾತನ್ನು ಅವನ ಎದುರು ಯಾರೂ ಆಡುವುದಿಲ್ಲ. ಅವನೇ ಆಡಿಕೊಳ್ಳುತ್ತಾನೆ, ದಿನಕ್ಕೆ ಹತ್ತು ಸಲ, ಕತ್ತರಿ ಆಡಿಸುತ್ತಾ.

ಅವನು ಮಾವನ ಅಕ್ಕನ ಮಗ. ಮಾವ 'ಅಳಿಯಾ' ಎಂದು ಕರೆದದ್ದೇ ಗಿರಾಕಿಗಳ ಬಾಯಿಗೂ ಹತ್ತಿ, ಇಡೀ ಬೀದಿಗೆ ಅವನು ಅಳಿಯನಾಗಿಬಿಟ್ಟಿದ್ದ. "ಊರಿಗೆಲ್ಲ ಅಳಿಯ ಆಗ್ಬಿಟ್ಟೆ, ಹೆಣ್ಣು ಕೊಡೋ ಮಾವ ಮಾತ್ರ ಒಬ್ಬನೂ ಇಲ್ವಲ್ಲೋ" ಎಂದು ಪೋಸ್ಟಣ್ಣ ಕುರ್ಚಿಗೆ ಕೂತಾಗಲೆಲ್ಲ ಚುಚ್ಚುತ್ತಿದ್ದ. ಪೋಸ್ಟಣ್ಣ ಎಂದರೆ ಆ ಬೀದಿಗೆ ಅಂಚೆ ಹಂಚುವವನು. ವಾರಕ್ಕೆರಡು ಸಲ ಗಡ್ಡ, ತಿಂಗಳಿಗೊಮ್ಮೆ ತಲೆ, ದಿನಕ್ಕೊಮ್ಮೆ ಹರಟೆ.

ಅಂಗಡಿಯಲ್ಲಿ ಮೂರು ಕುರ್ಚಿ. ಬಾಗಿಲ ಹತ್ತಿರದ್ದು ಮಾವನದು, ನಡುವಿನದು ಅಳಿಯನದು, ಗೋಡೆ ಪಕ್ಕದ್ದು ಕೂದಲಿಗೆ ಬಣ್ಣ ಹಚ್ಚುವ ಬಣ್ಣದಕ್ಕನದು. ಹಿಂದಿನ ಬಾಗಿಲು ದಾಟಿದರೆ ಅಮ್ಮನ ಜಾಗ. ಸೊಂಟದೆತ್ತರದ ಸಿಮೆಂಟು ತೊಟ್ಟಿ, ನೀರು ಕಾಯಿಸುವ ಒಲೆ, ತಿರುಗುವ ರಭಸಕ್ಕೆ ನೆಲದ ಮೇಲೆ ತಾನೇ ಗೇಣು ದೂರ ನಡೆದುಬಿಡುವ ಹಳೆಯ ವಾಷಿಂಗ್ ಮೆಷಿನ್ನು, ತಲೆಯ ಮೇಲೆ ಬರೀ ಆಕಾಶ, ಈ ಗೋಡೆಯಿಂದ ಆ ಗೋಡೆಗೆ ಏಳು ತಂತಿ. ದಿನಕ್ಕೆ ಐವತ್ತು ಅರವತ್ತು ಟವೆಲು ಅಲ್ಲಿ ನೆನೆದು, ಬೆಂದು, ಒಣಗಿ, ಮಡಿಕೆಯಾಗಿ ಮುಂದಿನ ಕಪಾಟಿಗೆ ಬರುತ್ತಿದ್ದವು. ಅಮ್ಮ ಟವೆಲನ್ನು ಮೂರು ಮಡಿಕೆ ಮಾಡುತ್ತಿದ್ದಳು, ಹೊಲಿಗೆಯ ಅಂಚು ಒಳಗೆ ಹೋಗುವ ಹಾಗೆ. "ಬ್ಲೇಡು ಆಡಿದ ಕುತ್ತಿಗೆಗೆ ಹೊಲಿಗೆ ತಾಗಿದ್ರೆ ಉರಿಯತ್ತೆ" ಎನ್ನುವಳು. ಹೊಲಿಗೆ ಒಳಗಿದೆ ಎಂದು ಯಾವ ಗಿರಾಕಿಗೂ ಗೊತ್ತಿರಲಿಲ್ಲ. ಉರಿಯಲಿಲ್ಲ, ಅಷ್ಟೇ.

ನಲವತ್ತು ವರ್ಷದ ಹಿಂದೆ ತಾತ ಅಂಗಡಿ ಇಟ್ಟಾಗ ಕುರ್ಚಿ ಒಂದೇ ಇತ್ತು. ಟವೆಲು ಒಗೆಯಲು ಒಂದು ಜೊತೆ ಕೈ ಬೇಕಿತ್ತು. ಅಮ್ಮನಿಗೆ ಆಗ ಏಳು ವರ್ಷ, ಶಾಲೆಗೆ ಸೇರಿ ಎರಡು ತಿಂಗಳು. ಬಿಡಿಸಿದರು. ಅವಳು ಒಗೆದಳು, ತಮ್ಮ ಓದಿದ. ಮುಂದೆ ಮದುವೆಯಾಯಿತು, ಗಂಡ ಎನ್ನಿಸಿಕೊಂಡವನು ಮಗ ಹುಟ್ಟಿದ ವರ್ಷವೇ ಎತ್ತಲೋ ಹೋದವನು ಮತ್ತೆ ಈ ಬೀದಿಯ ಕಡೆ ತಲೆ ಹಾಕಲಿಲ್ಲ. ಅವಳು ಮಗನನ್ನು ಸೊಂಟಕ್ಕೇರಿಸಿಕೊಂಡು ತೊಟ್ಟಿಯ ಹತ್ತಿರವೇ ವಾಪಸು ಬಂದಳು. ತಾತ ಕೈಲಾಗದೆ ಕೂತ ಮೇಲೆ ಒಂದು ದಿನ, ಅಂಗಡಿ ತುಂಬ ಗಿರಾಕಿಗಳಿರುವಾಗ, "ಕುರ್ಚಿ ಮಗನಿಗೆ, ತೊಟ್ಟಿ ಮಗಳಿಗೆ. ಕೇಳಿಸ್ಕೊಂಡ್ರಲ್ಲ ಎಲ್ಲರೂ?" ಎಂದಿದ್ದ. ಕಾಗದ ಪತ್ರ ಒಂದೂ ಇಲ್ಲ. ಮಾತು. ಪೋಸ್ಟಣ್ಣ ಆಗ ಮುಖಕ್ಕೆ ನೊರೆ ಬಳಿಸಿಕೊಂಡು ಕೂತಿದ್ದನಂತೆ, ಈಗಲೂ ಹೇಳುತ್ತಾನೆ.

ಅಂಥ ಅಂಗಡಿಗೆ ಒಂದು ಬೆಳಿಗ್ಗೆ ಮಾವ ರಟ್ಟಿನ ಪೆಟ್ಟಿಗೆಯೊಂದನ್ನು ತಂದು ಕನ್ನಡಿಯ ಮುಂದೆ ಇಟ್ಟ. ಒಳಗೆ ಬಿಳಿಯ ಟವೆಲುಗಳು, ಕಾಗದವೂ ಅಲ್ಲ ಬಟ್ಟೆಯೂ ಅಲ್ಲ, ಒಂದೊಂದೂ ಒಂದೊಂದು ಪ್ಲಾಸ್ಟಿಕ್ ಲಕೋಟೆಯಲ್ಲಿ.

"ಒಂದು ತಲೆಗೆ ಒಂದು" ಎಂದ ಮಾವ. "ಗಿರಾಕಿ ಕಣ್ಣೆದುರಿಗೇ ಹರಿದು ತೆಗೆಯೋದು, ಒರೆಸೋದು, ಬುಟ್ಟಿಗೆ ಎಸೆಯೋದು. ಈಗ ಎಲ್ಲಾ ಕಡೆ ಇದೇ ಕಣೋ ಅಳಿಯಾ."

"ಸಾಯಂಕಾಲಕ್ಕೆ ಬುಟ್ಟಿ ಎಷ್ಟು ಭಾರ ಆಗತ್ತೆ ಮಾವ? ಅದನ್ನ ಹೊರೋರ್ಯಾರು?"

"ಬುಟ್ಟಿ ಮಾತು ಬಿಡು. ಇನ್ನೊಬ್ಬನ ತಲೆ ಒರೆಸಿದ್ದು ಅಂದ್ರೆ ಜನಕ್ಕೆ ಹೇಸಿಗೆ."

"ಅಮ್ಮ ಕುದಿಯೋ ನೀರಲ್ಲಿ ಅದ್ದಿ ತೆಗೀತಾಳೆ. ನಿಮ್ಮ ಪೆಟ್ಟಿಗೆ ಮಾಲನ್ನ ಯಾವ ಕೈ ಮುಟ್ಟಿದೆಯೋ ಯಾರಿಗ್ಗೊತ್ತು?"

"ನಂಗಂತೂ ಯಾವುದಾದ್ರೂ ಒಂದೇ ಕಣ್ರಪ್ಪ" ಎಂದಳು ಬಣ್ಣದಕ್ಕ, ಬಟ್ಟಲಲ್ಲಿ ಬಣ್ಣ ಕಲಸುತ್ತಾ. "ನನ್ನ ಕೈಗೆ ಸಿಕ್ಕಿದ ಮೇಲೆ ಬಟ್ಟೆಯೂ ಕರೀ, ಕಾಗದವೂ ಕರೀ."

ಅಮ್ಮ ಹಿಂದಿನ ಬಾಗಿಲಲ್ಲಿ ಒದ್ದೆ ಕೈ ಕೊಡವುತ್ತಾ ನಿಂತಿದ್ದಳು. ಕೇಳಿದ್ದು ಒಂದೇ ಮಾತು. "ಹಾಗಾದ್ರೆ ತೊಟ್ಟಿ?"

ಮಾವ ಅವಳ ಕಡೆ ತಿರುಗಲಿಲ್ಲ, ಕನ್ನಡಿಯೊಳಗಿನ ಅವಳಿಗೆ ಉತ್ತರ ಕೊಟ್ಟ. "ಅಯ್ಯೋ ಅಕ್ಕ, ತೊಟ್ಟಿ ಮಾತು ಯಾರು ಎತ್ತಿದ್ರು ಈಗ? ನಾನ್ಯಾರು ಹೇಳೋಕೆ? ಅಂಗಡಿ ನಡೆಸೋರು ಗಿರಾಕಿಗಳು."

ಅಳಿಯ ಸಿಕ್ಕಿಬಿದ್ದದ್ದು ಇಲ್ಲಿ. "ಹಾಗಾದ್ರೆ ಗಿರಾಕಿಗಳೇ ಹೇಳ್ಲಿ!" ಎಂದುಬಿಟ್ಟ. ಆರು ದಿನ. ತಲೆ ತೊಳೆಸಿಕೊಂಡ ಪ್ರತಿಯೊಬ್ಬರಿಗೂ ಎಡಗಡೆ ಬಟ್ಟೆ, ಬಲಗಡೆ ಕಾಗದ. ಬಾಚಣಿಗೆ ನೆನೆಸಿಡುವ ಎರಡು ಗಾಜಿನ ಜಾಡಿಗಳನ್ನು ಖಾಲಿ ಮಾಡಿ ಇಡುವುದು. ಹೋಗುವಾಗ ಗಿರಾಕಿ ಒಂದು ಹೇರ್ ಕ್ಲಿಪ್ಪನ್ನು ತನಗೆ ಹಿತವಾದದ್ದರ ಜಾಡಿಗೆ ಹಾಕುವುದು. ಅಮ್ಮನ ಟವೆಲನ್ನು ಸೋಲಿಸುವ ಕಾಗದ ಇನ್ನೂ ಹುಟ್ಟಿಲ್ಲ ಎಂಬುದು ಅವನ ಲೆಕ್ಕ. ಎಂಟನೆಯ ತರಗತಿಗೇ ಶಾಲೆಗೆ ಕೈ ಮುಗಿದವನ ಲೆಕ್ಕ.

"ಸೋತ್ರೆ?" ಎಂದ ಮಾವ.

"ಸೋತ್ರೆ ಆ ಏಳು ತಂತೀನೂ ನಾನೇ ಬಿಚ್ತೀನಿ. ಗೆದ್ರೆ ಈ ಪೆಟ್ಟಿಗೆ ಮತ್ತೆ ಈ ಹೊಸ್ತಿಲು ದಾಟಬಾರ್ದು."

ಮಾವ ಗಲ್ಲ ಕೆರೆದುಕೊಂಡ. "ಆಯ್ತಪ್ಪ" ಎಂದ.

ಮಾರನೆಯ ದಿನ ಮಾವ ಬಂದದ್ದು ಕೈಯಲ್ಲೊಂದು ನೀಲಿ ಬಾಟಲಿ ಹಿಡಿದು. ಒಗೆದ ಬಟ್ಟೆಯನ್ನು ಮೆತ್ತಗೆ ಮಾಡುವ, ಘಮ್ಮೆನ್ನಿಸುವ ದ್ರಾವಣ. ಅಳಿಯ ಬಿಸಿನೀರಿಗೆಂದು ಮಗ್ಗು ಹಿಡಿದು ಹಿಂದಿನ ಬಾಗಿಲಿಗೆ ಹೋದಾಗ ಅಕ್ಕ ತಮ್ಮ ಇಬ್ಬರೂ ತೊಟ್ಟಿಯ ಕಟ್ಟೆಗೆ ಒರಗಿ ನಿಂತಿದ್ದರು.

"ಸ್ಪರ್ಧೆ ಅಂದ್ಮೇಲೆ ನೀನೂ ತಯಾರಾಗ್ಬೇಕಲ್ಲಕ್ಕ. ಬರೀ ಸೋಪು ಸೋಡಾ ಸಾಕಾಗಲ್ಲ" ಎನ್ನುತ್ತಿದ್ದ ಮಾವ.

ಅಮ್ಮನ ಮುಖ ಅರಳಿತ್ತು. ನಲವತ್ತು ವರ್ಷದಲ್ಲಿ ಆ ತೊಟ್ಟಿಗೆ ಯಾರೂ ಏನೂ ತಂದುಕೊಟ್ಟಿರಲಿಲ್ಲ. ಮುಚ್ಚಳ ತೆಗೆದು ಮೂಸಿದಳು, ಮಗನ ಮೂಗಿಗೂ ಹಿಡಿದಳು. "ನೋಡೋ, ಹೂವಿನ ತೋಟಾನೇ ಇದೆ ಇದರೊಳಗೆ." ಆಮೇಲೆ ಬಾಟಲಿಯನ್ನು ತಮ್ಮನಿಗೆ ಚಾಚಿದಳು. "ಎಷ್ಟು ಹಾಕ್ಬೇಕಂತೆ? ಓದಿ ಹೇಳೋ ತಮ್ಮಾ."

ಮಾವ ಕನ್ನಡಕ ಏರಿಸಿಕೊಂಡು, ಸಣ್ಣ ಅಕ್ಷರಗಳ ಮೇಲೆ ಬೆರಳಿಟ್ಟು ಓದಿದ. ಬೆರಳು ಮೂರು ಸಾಲು ಸರಾಗ ಓಡಿತು. ನಾಲ್ಕನೆಯದರಲ್ಲಿ ನಿಂತಿತು. ಒಂದು ಉಸಿರು ಎಳೆದುಕೊಳ್ಳುವಷ್ಟು ಹೊತ್ತು.

"ಹ್ಞಾಂ... ಮಾಮೂಲಿ ಬಟ್ಟೆಗೆ ಒಂದು ಮುಚ್ಚಳ" ಎಂದ. "ಟವೆಲಿಗೆ ಎರಡು."

"ಎರಡಾ?"

"ಟವೆಲು ದಪ್ಪ ಅಲ್ವಾ ಅಕ್ಕ."

ಅಳಿಯ ಮಗ್ಗಿನಲ್ಲಿ ನೀರು ಹಿಡಿದು ಹೊರಟುಹೋದ. ಬೆರಳು ನಿಂತದ್ದನ್ನು ಅವನು ಕಂಡಿದ್ದ. ಕಣ್ಣು ಕೆಟ್ಟಿರಬೇಕು ಎಂದುಕೊಂಡ. ಅಷ್ಟೇ ಅಲ್ಲ, ಎದುರಾಳಿಗೇ ಆಯುಧ ಕೊಡುವ ಗಂಡಸು, ಮಾವ ಎಂದರೆ ಹೀಗಿರಬೇಕು ಎಂದೂ ಅಂದುಕೊಂಡ. ನೆನೆಸಿಕೊಂಡರೆ ಇವತ್ತಿಗೂ ಅವನ ಹಲ್ಲು ಕಟಕಟ ಎನ್ನುತ್ತದೆ.

ಮರುದಿನ ಸ್ಪರ್ಧೆ ಶುರುವಾಯಿತು, ಮೊದಲ ತಲೆ ಪೋಸ್ಟಣ್ಣನದು. ತೊಳೆದ ಕೂದಲಿನಿಂದ ನೀರು ಇಳಿಯುತ್ತಿತ್ತು. ಅಳಿಯ ಎಡಗಡೆಗೆ ಅಮ್ಮನ ಟವೆಲು ಹಾಕಿದ. ಏನು ಮೃದು, ಏನು ಕಂಪು! ಒತ್ತಿದ, ಒರೆಸಿದ, ಮತ್ತೆ ಒತ್ತಿದ. ಬಲಗಡೆಗೆ ಲಕೋಟೆ ಹರಿದು ಕಾಗದ ಹಾಕಿದ.

"ಹೇಗಿದೆ?"

"ಬಲಗಡೆ ಮುಕ್ಕಾಲು ಒಣಗಿದೆ. ಎಡಗಡೆ ಕಿವಿಯೊಳಗೆ ಕೆರೆ ಕೋಡಿ ಬಿದ್ದಿದೆ" ಎಂದ ಪೋಸ್ಟಣ್ಣ, ಕಿರುಬೆರಳಿಂದ ಕಿವಿ ಅಲ್ಲಾಡಿಸುತ್ತಾ. "ವಾಸನೆ ಮಾತ್ರ ಮದುಮಗನ ಹಾಗೆ ಬರ್ತಿದೆಯಪ್ಪ. ಆದ್ರೆ ಮದುಮಗನ ಬೆನ್ನ ಮೇಲೆಲ್ಲ ನೀರು." ಅಮ್ಮನ ಮೇಲಿನ ಗೌರವಕ್ಕೆ ಅವನು ಕ್ಲಿಪ್ಪನ್ನು ಬಟ್ಟೆಯ ಜಾಡಿಗೇ ಹಾಕಿದ. ಎಲ್ಲರಿಗೂ ಆ ಗೌರವ ಇರಬೇಕೆಂದೇನಿಲ್ಲವಲ್ಲ. ಸಂಜೆಗೆ ಬಟ್ಟೆಯ ಜಾಡಿಯಲ್ಲಿ ಐದು ಕ್ಲಿಪ್ಪು, ಕಾಗದದ್ದರಲ್ಲಿ ಹದಿನಾರು.

ಅಳಿಯನಿಗೆ ನಂಬಿಕೆಯೇ ಬರಲಿಲ್ಲ. ಎರಡನೆಯ ದಿನ ಜೋರಾಗಿ ಉಜ್ಜಿದ. "ತಲೆ ಒರೆಸ್ತಿದೀಯೋ ಪಾತ್ರೆ ತಿಕ್ತಿದೀಯೋ?" ಎಂದು ಒಬ್ಬ ರೇಗಿದ. ಮೂರನೆಯ ದಿನ ಮೋಸಕ್ಕೂ ಇಳಿದ: ಒರೆಸುವ ಮೊದಲೇ ಎಡಗಡೆಯ ಕೂದಲನ್ನು ಬೆರಳಲ್ಲಿ ಹಿಂಡಿ ಹಿಂಡಿ ನೀರಿಳಿಸಿದ. ಆದರೂ ನೀರು ಟವೆಲಿನ ಮೇಲೆ ಹನಿ ಹನಿಯಾಗಿ ಉರುಳಿ ಗಿರಾಕಿಯ ಕಾಲರಿನೊಳಗೆ ಇಳಿಯಿತು. "ಕೆಸುವಿನ ಎಲೆ ಮೇಲೆ ಬಿದ್ದ ಹಾಗೆ ಜಾರ್ತಿದೆಯಲ್ಲೋ" ಎಂದಳು ಬಣ್ಣದಕ್ಕ. ಬಣ್ಣಕ್ಕೆ ಬಳಸುವ ಅವಳ ಹಳೆಯ ಕಪ್ಪು ಟವೆಲುಗಳು ಬೇರೆಯೇ ಬಕೆಟ್ಟಿನಲ್ಲಿ ಬರೀ ಸೋಪಿನಲ್ಲಿ ಒಗೆಯುವಂಥವು. ಅವು ಚೆನ್ನಾಗಿಯೇ ನೀರು ಕುಡಿಯುತ್ತಿದ್ದವು. ಅದೂ ಅವನಿಗೆ ಹೊಳೆಯಲಿಲ್ಲ.

ಪ್ರತಿ ಸಂಜೆ ಅವನು ಹಿಂದೆ ಹೋಗಿ ವರದಿ ಒಪ್ಪಿಸುತ್ತಿದ್ದ. ಪ್ರತಿ ಸಂಜೆ ಅಮ್ಮ ಗಮನವಿಟ್ಟು ಕೇಳಿ, "ಇರು, ನಾಳೆ ಇನ್ನೂ ಚೆನ್ನಾಗಿ ಮಾಡ್ತೀನಿ" ಎನ್ನುತ್ತಿದ್ದಳು. ಚೆನ್ನಾಗಿ ಎಂದರೆ ಇನ್ನೊಂದು ಮುಚ್ಚಳ. ಎರಡು ಇದ್ದದ್ದು ಮೂರಾಯಿತು, ಮೂರು ನಾಲ್ಕಾಯಿತು. ಗೆಲ್ಲಬೇಕೆಂಬ ಹಟಕ್ಕೆ ಅವಳು ಸುರಿದಳು; ಸುರಿದಷ್ಟೂ ಟವೆಲು ಮೆತ್ತಗಾಯಿತು; ಮೆತ್ತಗಾದಷ್ಟೂ ಸೋತಿತು.

ನಾಲ್ಕನೆಯ ದಿನ ಒಬ್ಬ ಗಿರಾಕಿ ಎಡಗಡೆ ಬೇಡವೇ ಬೇಡ, ಎರಡೂ ಕಡೆ ಕಾಗದವೇ ಹಾಕು ಎಂದ. ಅಳಿಯ ಟವೆಲನ್ನು ಮುದ್ದೆ ಮಾಡಿ ಹಿಂದಕ್ಕೆ ಒಯ್ದು ತೊಟ್ಟಿಯೊಳಗೆ ಎಸೆದ.

"ಏನು ಒಗೀತೀಯಮ್ಮ ನೀನು? ಕೈಯಲ್ಲಿ ಕಸುವು ಸತ್ತುಹೋಯ್ತಾ? ಮಾನ ಹೋಗ್ತಿದೆ ನಂಗೆ ಅಲ್ಲಿ!"

ಅಮ್ಮ ಅಂಗೈ ತಿರುಗಿಸಿ ನೋಡಿಕೊಂಡಳು, ಮತ್ತೆ ಮುಂಗೈ, ಮತ್ತೆ ಅಂಗೈ. ನಲವತ್ತು ವರ್ಷ ಸೋಡಾದಲ್ಲಿ ಅದ್ದಿ ಬೆರಳ ತುದಿಯ ಗೆರೆಗಳೆಲ್ಲ ಅಳಿಸಿಹೋಗಿದ್ದವು. "ಇರಬೇಕು ಕಣೋ" ಎಂದಳು ಆಮೇಲೆ. "ನಂಗೂ ಹಾಗೇ ಅನ್ಸ್ತಿದೆ."

ಆರನೆಯ ದಿನ ಅಂಗಡಿ ಮಧ್ಯಾಹ್ನಕ್ಕೇ ಮುಚ್ಚುವ ದಿನ. ಮಾವ ಎರಡೂ ಜಾಡಿ ಮಗುಚಿದ. ಎಣಿಸುವ ಅಗತ್ಯವೇ ಇರಲಿಲ್ಲ. ಒಂದು ಕಡೆ ಗುಡ್ಡ, ಒಂದು ಕಡೆ ಚಿಟಿಕೆ.

ಮಾವನ ಮುಖದಲ್ಲಿ ಸಾವಿನ ಮನೆಗೆ ಹೋಗಿ ಬಂದವನ ಕಳೆ. "ನಾನೇನೂ ಹೇಳಲಿಲ್ಲ ಅಕ್ಕ. ಜನ ಹೇಳಿದ್ರು. ನಿನ್ನ ಮಗನೇ ಇಟ್ಟ ಪರೀಕ್ಷೆ." ಬಾಯಿ ಒರೆಸಿಕೊಂಡು, ಸಹಜವಾಗಿ ಎಂಬಂತೆ ಸೇರಿಸಿದ: "ನಾಳೆ ಪ್ಲಂಬರ್ ಬರ್ತಾನೆ. ತೊಟ್ಟಿ ಒಡೆದು ಆ ಜಾಗಕ್ಕೆ ಶೀಟು ಹೊದಿಸಿದ್ರೆ ತಲೆ ತೊಳೆಯೋ ಬೇಸಿನ್ನು ಎರಡು ಕೂರತ್ತೆ ಅಂದ. ನೀನು ಇನ್ಮೇಲೆ ಆರಾಮಾಗಿ ಮನೇಲಿರು. ನಾನಿಲ್ವಾ?"

ಬೇಸಿನ್ನು ಎರಡು ಕೂರತ್ತೆ ಎಂದು ಪ್ಲಂಬರ್ ಹೇಳಬೇಕಾದರೆ ಅವನು ಯಾವಾಗಲೋ ಬಂದು ಅಳತೆ ತೆಗೆದಿರಬೇಕು. ಅಳಿಯನ ತಲೆಯಲ್ಲಿ ಏನೋ ಒಂದು ಕಟ್ ಎಂದಿತು. ಆದರೆ ಮಾತು ಆಡಿದವನು ತಾನು, ಸೋತವನು ತಾನು. ತೆಪ್ಪಗೆ ತಂತಿ ಬಿಚ್ಚಲು ಹಿಂದೆ ಹೋದ.

ಅಮ್ಮ ಸಾಮಾನು ಜೋಡಿಸುತ್ತಿದ್ದಳು. ಬ್ರಷ್ಷು, ಕ್ಲಿಪ್ಪಿನ ಡಬ್ಬಿ, ಸೋಡಾ ಪೊಟ್ಟಣ. ನೀಲಿ ಬಾಟಲಿಯನ್ನು ಮಗನ ಕೈಗೆ ಕೊಟ್ಟಳು. "ಇನ್ನೂ ಕಾಲು ಭಾಗ ಇದೆ. ನಿನ್ನ ಅಂಗಿಗಾದ್ರೂ ಹಾಕೋಣ. ತಮ್ಮ ಆಸೆಪಟ್ಟು ತಂದಿದ್ದು, ಚೆಲ್ಲೋಕೆ ಮನಸ್ಸು ಬರಲ್ಲ."

ಅಂಗಿಗೆ ಎಷ್ಟು ಹಾಕಬೇಕೋ ಎಂದು ಅವನು ಸುಮ್ಮನೆ ಹಿಂದೆ ತಿರುಗಿಸಿದ. ಅಕ್ಷರಕ್ಕೂ ಅವನಿಗೂ ಅಷ್ಟೇನೂ ಸ್ನೇಹವಿಲ್ಲ. ಒಂದೊಂದೇ ಪದ ಕೂಡಿಸಿಕೊಂಡು ಓದಬೇಕು. ಮೊದಲ ಸಾಲು, ಬಟ್ಟೆಗೆ ಒಂದು ಮುಚ್ಚಳ. ಎರಡನೆಯದು, ಕೊನೆಯ ನೀರಿಗೆ ಹಾಕಿ. ಮೂರನೆಯದು, ಮಕ್ಕಳ ಕೈಗೆ ಸಿಗದಂತೆ ಇಡಿ. ನಾಲ್ಕನೆಯದು: ಟವೆಲು ಮತ್ತು ಒರೆಸುವ ಬಟ್ಟೆಗಳಿಗೆ ಬಳಸಬೇಡಿ, ನೀರು ಹೀರುವ ಗುಣ ಕಡಿಮೆಯಾಗುತ್ತದೆ.

ಎರಡನೆಯ ಸಲ ಓದಿದ. ಮೂರನೆಯ ಸಲ ಓದಿದ. ಅಕ್ಷರ ಬದಲಾಗಲಿಲ್ಲ.

ಬೆರಳು ನಿಂತದ್ದು ಇಲ್ಲೇ. ನಾಲ್ಕನೆಯ ಸಾಲು.

"ಏನಂತೆ? ಎಷ್ಟಂತೆ?" ಎಂದಳು ಅಮ್ಮ.

ಹೇಳದಿದ್ದರೆ ತನ್ನ ಕೈಯೇ ಸೋತಿತು ಎಂದುಕೊಂಡು ಇವಳು ಉಳಿದ ಆಯುಷ್ಯ ಕಳೆಯುತ್ತಾಳೆ. ಹೇಳಿದರೆ ಸೊಂಟದ ಮೇಲೆ ಹೊತ್ತು ಬೆಳೆಸಿದ ತಮ್ಮ ಹೋಗುತ್ತಾನೆ. ಎರಡರಲ್ಲಿ ಯಾವುದನ್ನು ಅವಳಿಂದ ಕಿತ್ತುಕೊಳ್ಳಬೇಕು?

"ಒಂದು ಮುಚ್ಚಳ" ಎಂದ. ಸುಳ್ಳೇನೂ ಅಲ್ಲ. "ನೀನು ಮನೆಗೆ ನಡಿ. ತಂತಿ ಬಿಚ್ಚಿ ಬರ್ತೀನಿ."

ತಂತಿ ಬಿಚ್ಚಲಿಲ್ಲ. ಮಡಿಚಿಟ್ಟಿದ್ದ ಒಂದು ಟವೆಲು ತೆಗೆದು ಕಟ್ಟೆಯ ಮೇಲೆ ಹರಡಿ, ಬೆರಳಲ್ಲಿ ಒಂದು ಹನಿ ನೀರು ಬಿಟ್ಟ. ಹನಿ ಮಣಿಯ ಹಾಗೆ ಕೂತಿತು. ಇಳಿಯಲಿಲ್ಲ. ಅವನು ಒಲೆ ಹಚ್ಚಿದ. ಕುದಿಯುವ ನೀರಿಗೆ ಎರಡು ಹಿಡಿ ಸೋಡಾ ಸುರಿದು ಟವೆಲು ಅದ್ದಿದ. ನೀರಿನ ಮೇಲೆ ಜಿಡ್ಡಿನ ಕೆನೆ ಕಟ್ಟಿತು. ಚೆಲ್ಲಿದ. ಮತ್ತೆ ಕುದಿಸಿದ. ಮೂರನೆಯ ನೀರು ತಿಳಿಯಾಯಿತು. ಹಿಂಡಿ ಹಾಕಿ, ಸಂಜೆಯ ಬಿಸಿಲು ಗೋಡೆ ಹತ್ತುವ ತನಕ ಅದರ ಎದುರೇ ಕೂತ. ಒಣಗಿದ ಟವೆಲು ಒರಟಾಗಿ, ಬಡಕಲಾಗಿ, ಯಾವ ಕಂಪೂ ಇಲ್ಲದೆ ನಿಂತಿತ್ತು. ಒಂದು ಹನಿ ಬಿಟ್ಟ. ಹನಿ ಎಲ್ಲಿ ಹೋಯಿತೆಂದೇ ತಿಳಿಯಲಿಲ್ಲ.

ಮಾರನೆಯ ಬೆಳಿಗ್ಗೆ ಅಂಗಡಿ ತುಂಬಿತ್ತು. ವಾರಕ್ಕೊಮ್ಮೆ ಮಾವ ಅಳಿಯನ ಕುರ್ಚಿಯಲ್ಲಿ ಕೂತು ತಲೆ ತೊಳೆಸಿಕೊಳ್ಳುವುದು ರೂಢಿ. ಗಿರಾಕಿಗಳಿಗೆ ಅದೊಂದು ನೋಟ. ಬೆಂಚಿನ ಮೇಲೆ ಪೋಸ್ಟಣ್ಣ ರಜೆಯ ಠೀವಿಯಲ್ಲಿ ಕಾಲು ಮೇಲೆ ಕಾಲು ಹಾಕಿದ್ದ. ಅಮ್ಮ ತನ್ನ ಸಾಮಾನಿನ ಚೀಲ ಒಯ್ಯಲು ಬಂದವಳು ಹಿಂದೆ ಇದ್ದಳು. ಅವಳು ಹೋದ ಮೇಲೆ ಶುರು ಮಾಡೋಣ ಎಂದು ಅಳಿಯ ಎರಡು ಸಲ ತಡೆದು ನೋಡಿದ. ಅವಳು ಹೋಗುವ ಲಕ್ಷಣವಿರಲಿಲ್ಲ. ಅವನ ಕೈ ತಡೆಯಲಿಲ್ಲ.

ಮಾವನ ತಲೆ ತೊಳೆದ. ಬಲಗಡೆಗೆ ಕಾಗದ, ಎಡಗಡೆಗೆ ಆ ಒರಟು ಟವೆಲು.

"ಮುಗೀತಲ್ಲೋ ಆ ಆಟ?" ಎಂದು ಮಾವ ನಕ್ಕ.

"ನಿಮ್ಮ ಕ್ಲಿಪ್ಪು ಒಂದು ಬಾಕಿ ಇತ್ತಲ್ಲ ಮಾವ. ಹೇಳಿ, ಯಾವ ಕಡೆ ಒಣಗಿದೆ?"

ಮಾವ ಕೈಯೆತ್ತಿ ಮುಟ್ಟಿಕೊಂಡ. ಬಲಗಡೆ ತೇವ, ಕಾಗದದ ಎಳೆಗಳು ಕಿವಿಗೆ ಅಂಟಿದ್ದವು. ಎಡಗಡೆ ಬೆಂಕಿಪೊಟ್ಟಣದಷ್ಟು ಒಣಗಿತ್ತು. ಕನ್ನಡಿಯೊಳಗೆ ಮಾವನ ಕಣ್ಣು ಟವೆಲಿನ ಮೇಲೆ ಬಿತ್ತು, ಅಲ್ಲಿಂದ ಅಳಿಯನ ಮುಖಕ್ಕೆ. ಆ ಹೊತ್ತಿಗೆ ನೀಲಿ ಬಾಟಲಿ ಅವನ ಮೂಗಿನ ಮುಂದೆ ಬಂದಿತ್ತು.

"ಓದಿ."

"ಏನೋ ಇದು, ಗಿರಾಕಿಗಳ ಎದುರಿಗೆ..."

"ಅಮ್ಮಂಗೆ ಓದಿ ಹೇಳಿದ್ರಲ್ಲ, ನಂಗೂ ಓದಿ ಹೇಳಿ. ಎಂಟನೇ ಕ್ಲಾಸಿಗೆ ಬಿಟ್ಟವನು, ಓದಕ್ಕೆ ಬರಲ್ಲ ನಂಗೆ."

"ಕನ್ನಡಕ ಇಲ್ಲ" ಎಂದ ಮಾವ. ಕನ್ನಡಕ ಅವನ ಅಂಗಿ ಜೇಬಿನಿಂದ ಇಣುಕುತ್ತಿತ್ತು.

ಅಮ್ಮ ಯಾವಾಗ ಒಳಗೆ ಬಂದಳೋ. ಮಗನ ಕೈಯಿಂದ ಬಾಟಲಿ ತೆಗೆದುಕೊಂಡಳು. "ಏನಿದೆಯೋ ತಮ್ಮಾ ಇದರಲ್ಲಿ?"

"ಅಕ್ಷರ ಸಣ್ಣದಕ್ಕ. ಆಮೇಲೆ ಹೇಳ್ತೀನಿ."

ಅಮ್ಮ ಮಗನ ಕಡೆಗೂ ನೋಡಿದಳು. ಅವನು ಬಾಯಿ ತೆರೆದ. ಅವನನ್ನು ಕೇಳಲಿಲ್ಲ ಅವಳು. ನೆಟ್ಟಗೆ ಬೆಂಚಿನ ಹತ್ತಿರ ಹೋಗಿ ಬಾಟಲಿಯನ್ನು ಪೋಸ್ಟಣ್ಣನ ಕೈಗಿಟ್ಟಳು. ದಿನಕ್ಕೆ ನೂರು ವಿಳಾಸ ಓದುವವನು ಅವನು, ಎಂಥ ಸಣ್ಣ ಅಕ್ಷರಕ್ಕೂ ಹೆದರುವವನಲ್ಲ. ಮನೆ ನಂಬರು ಕೂಗುವ ಧಾಟಿಯಲ್ಲಿಯೇ ನಾಲ್ಕೂ ಸಾಲನ್ನು ಗಟ್ಟಿಯಾಗಿ ಓದಿಬಿಟ್ಟ. ಓದಿ ಮುಗಿಸಿದ ಮೇಲೆ ತಾನು ಏನು ಓದಿದೆ ಎಂದು ಅವನಿಗೆ ಹೊಳೆದದ್ದು. ಕಾಲು ಇಳಿಸಿ ಕೂತ.

ಬಣ್ಣದಕ್ಕನ ಬ್ರಷ್ಷು ಗಿರಾಕಿಯ ತಲೆಯ ಮೇಲೆ ಅರ್ಧಕ್ಕೇ ನಿಂತಿತ್ತು.

"ಎರಡು ಮುಚ್ಚಳ ಅಂದ್ಯಲ್ಲೋ" ಎಂದಳು ಅಮ್ಮ.

"ತರುವಾಗ ಒಳ್ಳೆ ಮನಸ್ಸಿಂದಾನೇ ತಂದೆ ಅಕ್ಕ, ಆಣೆಗೂ" ಎಂದ ಮಾವ. ಅವನ ಬಲಗಡೆಯ ಕೂದಲಿನಿಂದ ಒಂದು ಹನಿ ಕತ್ತಿನ ಮೇಲೆ ಇಳಿಯಿತು. "ಓದ್ತಾ ಓದ್ತಾ..." ಅಷ್ಟಕ್ಕೇ ನಿಂತ. ಮುಂದಿನದು ಅವನಿಗೂ ಗೊತ್ತಿರಲಿಲ್ಲವೋ ಏನೋ. ಒಂದೇ ಉಸಿರಿನಲ್ಲಿ ಒಬ್ಬ ತಮ್ಮ ಇನ್ನೊಬ್ಬನಾಗಿಬಿಟ್ಟಿದ್ದ. ಅಳಿಯ ಅದನ್ನು ಕಣ್ಣಾರೆ ಕಂಡೂ ಬಿಸಿನೀರು ಹಿಡಿದುಕೊಂಡು ಹೋಗಿದ್ದ.

"ಆ ಜಾಗ ಬೇಕಿತ್ತು ನಿಂಗೆ."

"ಹೇಗೆ ಕೇಳ್ಲಿ? ಕೇಳಿದ್ರೆ ಕೊಡ್ತಿದ್ಯಾ?"

"ಕೊಡ್ತಿರ್ಲಿಲ್ಲ" ಎಂದಳು ಅಮ್ಮ. "ಖಂಡಿತ ಕೊಡ್ತಿರ್ಲಿಲ್ಲ. ಜಗಳ ಆಡ್ತಿದ್ದೆ, ನಿನ್ನ ಮುಖಕ್ಕೆ ಉಗೀತಿದ್ದೆ. ಆದ್ರೆ ಕೇಳ್ಬೇಕಿತ್ತು ಕಣೋ."

ಆಮೇಲೆ ಅವಳು ಮಾಡಿದ ಕೆಲಸಕ್ಕೆ ಅಳಿಯ ತಯಾರಿರಲಿಲ್ಲ. ಬಡಿಯುತ್ತಾಳೆ, ಅಳುತ್ತಾಳೆ, ಶಾಪ ಹಾಕುತ್ತಾಳೆ ಎಂದುಕೊಂಡಿದ್ದ. ಅವಳು ಮಗನ ಹೆಗಲಿನಿಂದ ಆ ಒರಟು ಟವೆಲು ಎಳೆದುಕೊಂಡು, ತಮ್ಮನ ತಲೆಯ ಒದ್ದೆ ಭಾಗವನ್ನು ಒರೆಸಿದಳು. ಮೂರು ವರ್ಷದ ಮಗುವಿನ ತಲೆ ಒರೆಸುವ ಹಾಗೆ, ಗಲ್ಲ ಹಿಡಿದು, ಕಿವಿಯ ಸಂದಿಯಲ್ಲೂ ಬೆರಳು ಹಾಕಿ. ಅಂಟಿದ್ದ ಕಾಗದದ ಎಳೆಗಳನ್ನು ಒಂದೊಂದೇ ಬಿಡಿಸಿದಳು. ಮಾವ ಕಣ್ಣು ಮುಚ್ಚಿದ್ದ. ಆಮೇಲೆ ಟವೆಲನ್ನು ಮೂರು ಮಡಿಕೆ ಮಾಡಿದಳು, ಹೊಲಿಗೆ ಒಳಗೆ.

"ನಿನ್ನ ತಲೆಗೆ ನನ್ನ ಕೈಯಿಂದ ಇದೇ ಕೊನೇದು" ಎಂದಳು. "ಕಾಗದಾನೇ ಹಾಕ್ಕೋ, ಯಾರು ಬೇಡ ಅಂದ್ರು. ತೊಟ್ಟಿ ಮಾತ್ರ ನಂದು. ಪ್ಲಂಬರ್ ಬಂದ್ರೆ ನನ್ನ ಹತ್ರ ಕಳ್ಸು."

ಹಿಂದಿನ ಬಾಗಿಲಿ‌ಗೆ ಹೋಗುತ್ತಾ ಮಗನನ್ನು ಕೇಳಿದಳು. "ಸೋಡಾ ಎಷ್ಟು ಹಾಕ್ದೆ?"

"ಎರಡು ಹಿಡಿ."

"ದಾರ ಸುಟ್ಟುಹೋಗತ್ತೆ. ಒಂದು ಸಾಕು."

ಪ್ಲಂಬರ್ ಬಂದ, ಅಮ್ಮನ ಮುಖ ನೋಡಿದ, ಹೋದ. ಮಾವನ ಕುರ್ಚಿಯಲ್ಲಿ ಈಗಲೂ ಲಕೋಟೆ ಹರಿಯುವ ಸದ್ದು. ಸಂಜೆಗೆ ಬುಟ್ಟಿ ಒದ್ದೆಯಾಗಿ ಹೆಣದ ಭಾರ. ಅದನ್ನು ಮಾವನೇ ಹೊರುತ್ತಾನೆ, ತೊಟ್ಟಿಯ ಪಕ್ಕದಲ್ಲೇ ಹಾದು, ತಲೆ ತಗ್ಗಿಸಿಕೊಂಡು. ಅಮ್ಮ ಎದುರು ಸಾಲಿನ ಹೆಂಗಸರ ಪಾರ್ಲರಿನ ಟವೆಲುಗಳನ್ನು ಒಗೆಯಲು ತಂದಿದ್ದಾಳೆ. ಏಳು ತಂತಿಯೂ ತುಂಬಿರುತ್ತವೆ. ತಮ್ಮನ ಜೊತೆ ಮಾತಿಲ್ಲ ಎಂದಲ್ಲ. ಟೀ ಬಂತು ಎನ್ನುತ್ತಾಳೆ, ನಲ್ಲಿ ನಿಂತಿದೆ ಎನ್ನುತ್ತಾಳೆ. ತಮ್ಮಾ ಎನ್ನುವುದಿಲ್ಲ.

ಅಳಿಯನ ಕುರ್ಚಿಗೆ ಮಾತ್ರ ಅವಳ ಟವೆಲು ಬರುತ್ತದೆ. ಗೆದ್ದೆವು ಎಂದು ಅವನು ಒಂದು ವಾರ ಎದೆಯುಬ್ಬಿಸಿಕೊಂಡು ಓಡಾಡಿದ.

ಆಮೇಲೆ ಒಂದು ಬೆಳಿಗ್ಗೆ ದಿನಸಿ ಅಂಗಡಿಯವನು ಮಾಮೂಲಿ ಸೋಪಿನ ಪುಡಿ ಇಲ್ಲವೆಂದು ಬೇರೆ ಜಾತಿಯದು ಕೊಟ್ಟ. ಅಮ್ಮ ಪೊಟ್ಟಣವನ್ನು ಮಗನ ಕೈಗೆ ಕೊಟ್ಟಳು. "ಓದು." ಅವನು ಕತ್ತರಿ ಕೆಳಗಿಟ್ಟು, ಪದ ಪದ ಬಿಡಿಸಿ, ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಓದಿದ. ತಯಾರಿಸಿದ ತಾರೀಕನ್ನೂ ಬಿಡಲಿಲ್ಲ. ಓದುವಾಗ ಅವಳ ಕಣ್ಣು ಪೊಟ್ಟಣದ ಮೇಲಿರಲಿಲ್ಲ. ಅವನ ಬೆರಳಿನ ಮೇಲಿತ್ತು, ಎಲ್ಲಿ ನಿಲ್ಲುತ್ತದೋ ಎಂದು. ಅವನ ಬೆರಳು ಪ್ರತಿ ಪದಕ್ಕೂ ನಿಲ್ಲುವಂಥದ್ದು. ಅವನಿಗೆ ಓದಲು ಬರುವುದೇ ಹಾಗೆ.

"ಸರಿ" ಎಂದಳು.

ಪೊಟ್ಟಣ ವಾಪಸು ತೆಗೆದುಕೊಂಡು, ಅಂಗಡಿ ದಾಟಿ, ಬೀದಿಗಿಳಿದಳು. ಅಳಿಯ ಗಾಜಿನ ಬಾಗಿಲೊಳಗಿಂದ ನೋಡಿದ. ಪೋಸ್ಟಣ್ಣ ಸೈಕಲ್ಲು ನಿಲ್ಲಿಸಿ ಪೊಟ್ಟಣ ತಿರುಗಿಸಿ ಓದುತ್ತಿದ್ದ. ಅವಳು ತಲೆ ಒಂದು ಕಡೆ ಓರೆ ಮಾಡಿ, ಇವನು ಹೇಳಿದ್ದಕ್ಕೂ ಅವನು ಹೇಳುತ್ತಿರುವುದಕ್ಕೂ ತಾಳೆ ನೋಡುತ್ತಾ ನಿಂತಿದ್ದಳು.

ಪಕ್ಕದ ಕುರ್ಚಿಯಲ್ಲಿ ಮಾವ ಒಂದು ಲಕೋಟೆ ಹರಿದ. ಅಳಿಯ ಕತ್ತರಿ ಮತ್ತೆ ಎತ್ತಿಕೊಂಡ, ಅವನ ಕಡೆ ತಿರುಗಲಿಲ್ಲ. ತಿರುಗಿದ್ದರೆ ಏನಾಗುತ್ತಿತ್ತೋ, ಕೈಯಲ್ಲಿ ಕತ್ತರಿಯಿತ್ತು.